2,62,144 ಬಣ್ಣಗಳ ಕಾರ್ಡಿನಲ್ಲಿ ಒಮ್ಮೆಗೆ 256 ಮಾತ್ರ ಕಾಣುವುದೇಕೆ?

ಪ್ರಶ್ನೆ: ನನ್ನ ಬಳಿ ಹಳೆಯ 486 ಕಂಪ್ಯೂಟರ್ ಇದೆ. ಅದರಲ್ಲಿ ಸೆಂಗ್ ಲ್ಯಾಬ್ಸ್‌ನ ಇಟಿ4000 ಚಿಪ್ ಇರುವ ಐಎಸ್‌ಎ ಗ್ರಾಫಿಕ್ಸ್ ಕಾರ್ಡ್, 512 ಕಿಲೋಬೈಟ್ ಮೆಮೊರಿ. ಕೈಪಿಡಿಯಲ್ಲಿ 2,62,144 ಬಣ್ಣಗಳು ಎಂದು ಅಚ್ಚಾಗಿದೆ, ಆದರೆ ಪರದೆಯಲ್ಲಿ 256ಕ್ಕಿಂತ ಹೆಚ್ಚು ಬರುವುದಿಲ್ಲ. ಮೆಮೊರಿಯನ್ನು 1 ಮೆಗಾಬೈಟ್‌ಗೆ ಏರಿಸಿದರೆ ಉಳಿದ ಬಣ್ಣಗಳು ಬರುತ್ತವೆಯೇ? ಇನ್ನೊಂದು ಸಂಗತಿ: 640×480ರ 16 ಬಣ್ಣಗಳ ಮೋಡ್‌ನಲ್ಲಿ ನಾನೇ ಬರೆದ ಪ್ರೋಗ್ರಾಮ್‌ನಿಂದ ಬಣ್ಣಗಳನ್ನು ಬದಲಾಯಿಸಲು ಹೋದರೆ 0ರಿಂದ 5ರವರೆಗಿನವು ಮತ್ತು 7 ಸರಿಯಾಗಿ ಬದಲಾಗುತ್ತವೆ, 6 ಹಾಗೂ 8ರಿಂದ 15ರವರೆಗಿನವು ಕದಲುವುದೇ ಇಲ್ಲ. ಚಿಪ್ ಕೆಟ್ಟಿರಬಹುದೇ?

ಉತ್ತರ: ಚಿಪ್ ಕೆಟ್ಟಿಲ್ಲ. ನೀವು ಹೇಳಿದ ಲಕ್ಷಣ ಎಷ್ಟು ಕರಾರುವಾಕ್ಕಾಗಿದೆಯೆಂದರೆ, ಅದನ್ನು ಓದಿದಾಗಲೇ ಕಾರ್ಡ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಹೇಳಬಹುದು. ಮೊದಲ ಪ್ರಶ್ನೆಗೆ ಮಾತ್ರ ಒಂದೇ ಮಾತಿನ ಉತ್ತರವಿಲ್ಲ. ‘ಎಷ್ಟು ಬಣ್ಣ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಲೆಕ್ಕಗಳು ಅಡಗಿವೆ: ಒಂದು ಪಿಕ್ಸೆಲ್‌ಗೆ ಮೆಮೊರಿಯಲ್ಲಿ ಎಷ್ಟು ಬಿಟ್ ಮೀಸಲು, ಬಣ್ಣದ ಕೋಷ್ಟಕದ ಒಂದೊಂದು ಮನೆ ಎಷ್ಟು ಬಿಟ್ ಅಗಲ, ಮತ್ತು ಪಿಕ್ಸೆಲ್ ಆ ಕೋಷ್ಟಕದ ಮೂಲಕವೇ ಹೋಗಬೇಕೋ ಅಥವಾ ಅದನ್ನು ಬಿಟ್ಟು ಪಕ್ಕದಿಂದ ಹೋಗಬಹುದೋ ಎಂಬುದು. ಕೈಪಿಡಿ ಬರೆಯುವವರು ಈ ಮೂರರಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆಯನ್ನು ಆರಿಸಿಕೊಂಡು ಅಚ್ಚು ಹಾಕುತ್ತಿದ್ದರು.

ಬಣ್ಣದ ಅಂಗಡಿಯಲ್ಲಿ ಗೋಡೆಗೆ ಬಣ್ಣ ಆರಿಸುವುದನ್ನು ನೆನಪಿಸಿಕೊಳ್ಳಿ. ಅಂಗಡಿಯವರು ಕೊಡುವ ಶೇಡ್ ಕಾರ್ಡಿನಲ್ಲಿ ಪ್ರತಿ ಛಾಯೆಗೂ ಒಂದು ನಂಬರ್ ಇರುತ್ತದೆ. ಮೇಸ್ತ್ರಿಯ ಚೀಟಿಯಲ್ಲಿ ‘ಹಾಲ್‌ಗೆ 41, ಅಡುಗೆಮನೆಗೆ 112’ ಎಂದಷ್ಟೇ ಬರೆದರೆ ಸಾಕು. 41 ಎಂದರೆ ಯಾವ ಬಣ್ಣ ಎಂಬುದು ಶೇಡ್ ಕಾರ್ಡಿನಲ್ಲಿದೆ. ವಿಜಿಎ ಕಾರ್ಡಿನ (ನಿಮ್ಮದೂ ಐಬಿಎಂನ ಆ ಮಾದರಿಯನ್ನು ಅನುಸರಿಸಿದ ಕಾರ್ಡೇ) ಮೆಮೊರಿಯೂ ಅಂಥದೇ ಚೀಟಿ. ಅದರಲ್ಲಿ ಬಣ್ಣ ಇರುವುದಿಲ್ಲ, ಬಣ್ಣದ ನಂಬರ್ ಮಾತ್ರ ಇರುತ್ತದೆ. ಒಂದು ಬೈಟ್‌ನಲ್ಲಿ 0ರಿಂದ 255ರವರೆಗಿನ ನಂಬರ್ ಹಿಡಿಯುತ್ತದೆಯಾದ್ದರಿಂದ ಒಮ್ಮೆಗೆ 256 ಬಣ್ಣ. ಆ ನಂಬರನ್ನು ನಿಜವಾದ ಬಣ್ಣವಾಗಿ ಬಿಡಿಸುವ ಕೋಷ್ಟಕದಲ್ಲಿ 256 ಮನೆಗಳಿದ್ದು, ಪ್ರತಿ ಮನೆಯಲ್ಲಿ ಕೆಂಪಿಗೆ 6, ಹಸಿರಿಗೆ 6, ನೀಲಿಗೆ 6, ಒಟ್ಟು 18 ಬಿಟ್ ಇರುತ್ತದೆ. 64×64×64 ಎಂದರೆ 2,62,144. ಅಂದರೆ ನಿಮ್ಮ ಕೈಪಿಡಿಯ ಸಂಖ್ಯೆ ಸುಳ್ಳಲ್ಲ; ಅದು ಅಂಗಡಿಯಲ್ಲಿ ಕಲಸಿಕೊಡಬಲ್ಲ ಛಾಯೆಗಳ ಸಂಖ್ಯೆ. ನಿಮ್ಮ ಶೇಡ್ ಕಾರ್ಡಿನಲ್ಲಿ ಮಾತ್ರ 256 ಚೌಕಗಳಷ್ಟೇ ಇವೆ.

ಇಷ್ಟು ಸುತ್ತುಬಳಸು ಏಕೆ ಬೇಕಾಯಿತು ಎಂದರೆ, ಆ ಕಾಲದಲ್ಲಿ ಮೆಮೊರಿ ದುಬಾರಿಯಾಗಿತ್ತು. 1987ರ ಏಪ್ರಿಲ್‌ನಲ್ಲಿ ಐಬಿಎಂ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ಬಂದ ವಿಜಿಎಯಲ್ಲಿ 256 ಕಿಲೋಬೈಟ್, ಎಂದರೆ 2,62,144 ಬೈಟ್ ಮೆಮೊರಿ ಇತ್ತು. (ಬಣ್ಣಗಳ ಸಂಖ್ಯೆಯೂ ಇದೇ ಆಗಿರುವುದು ಬರೀ ಕಾಕತಾಳೀಯ, ಎರಡೂ 2ರ 18ನೇ ಘಾತ. ಅನೇಕರು ಈ ಎರಡನ್ನೂ ಗಂಟು ಹಾಕಿ ಗೊಂದಲ ಮಾಡಿಕೊಳ್ಳುತ್ತಾರೆ.) 640×480ರ ಪರದೆಗೆ ಪಿಕ್ಸೆಲ್‌ಗೊಂದು ಬೈಟ್‌ನಂತೆ 3,07,200 ಬೈಟ್ ಬೇಕು, ಅದು ಹಿಡಿಸುವುದಿಲ್ಲ. ನಾಲ್ಕು ಬಿಟ್‌ನಂತೆ ಲೆಕ್ಕ ಹಾಕಿದರೆ 1,53,600 ಬೈಟ್, ಅದು ಹಿಡಿಸುತ್ತದೆ. ಆದ್ದರಿಂದಲೇ ಮೂಲ ವಿಜಿಎಯಲ್ಲಿ ಆ ಅಳತೆಗೆ 16 ಬಣ್ಣಗಳು ಮಾತ್ರ. 256 ಬಣ್ಣ ಬೇಕೆಂದರೆ 320×200ಕ್ಕೆ ಇಳಿಯಬೇಕಿತ್ತು. ಅಲ್ಲಿ ಇಡೀ ಚಿತ್ರ 64,000 ಬೈಟ್‌ಗಳಲ್ಲಿ ಮುಗಿಯುತ್ತದೆ ಮತ್ತು 64 ಕಿಲೋಬೈಟ್‌ನ ಒಂದೇ ಸೆಗ್ಮೆಂಟಿನೊಳಗೆ (ಪ್ರೋಗ್ರಾಮ್ ಒಮ್ಮೆಗೆ ಸುಲಭವಾಗಿ ಮುಟ್ಟಬಲ್ಲ ಮೆಮೊರಿಯ ತುಂಡು) ಕೂರುತ್ತದೆ. ಡಾಸ್ ಕಾಲದ ಆಟಗಳು ಆ ಮೋಡ್‌ಗೆ ಅಂಟಿಕೊಂಡದ್ದಕ್ಕೆ ಬಣ್ಣದಷ್ಟೇ ಈ ಅನುಕೂಲವೂ ಕಾರಣ. ಇದಕ್ಕೆ ಹೋಲಿಸಿದರೆ 256 ಮನೆಗಳ ಕೋಷ್ಟಕಕ್ಕೆ ಬೇಕಾದದ್ದು 4,608 ಬಿಟ್ ವೇಗದ ಮೆಮೊರಿ ಮಾತ್ರ, ಅಂದರೆ 576 ಬೈಟ್. ಅಷ್ಟು ಸಣ್ಣ ಖರ್ಚಿನಲ್ಲಿ ಎರಡೂವರೆ ಲಕ್ಷ ಛಾಯೆಗಳಿಂದ ಆರಿಸಿಕೊಳ್ಳುವ ಸ್ವಾತಂತ್ರ್ಯ ಸಿಗುತ್ತಿತ್ತು. ಈ ಉಪಾಯ ಐಬಿಎಂನದ್ದೂ ಅಲ್ಲ; 1973ರಲ್ಲೇ ಜೆರಾಕ್ಸ್ ಪಾರ್ಕ್‌ನಲ್ಲಿ ರಿಚರ್ಡ್ ಶೂಪ್ ಕಟ್ಟಿದ ಸೂಪರ್‌ಪೇಂಟ್ ಯಂತ್ರದಲ್ಲಿ 8 ಬಿಟ್ ಪಿಕ್ಸೆಲ್ ಮತ್ತು ಬಣ್ಣದ ಕೋಷ್ಟಕ ಎರಡೂ ಇದ್ದವು.

ಈಗ ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಬಿಡಿಸುತ್ತೇನೆ. ಅದು ಅರ್ಥವಾದರೆ ಮೊದಲನೆಯದು ಸುಲಭ.

6ನೇ ಬಣ್ಣ, ಅಂದರೆ ಕಂದು, ಪಿಸಿಯ ಇತಿಹಾಸದಲ್ಲಿ ಮೊದಲಿನಿಂದಲೂ ತಂಟೆಕೋರ. 1981ರ ಸಿಜಿಎ ಕಾರ್ಡಿನಿಂದ ಮಾನಿಟರ್‌ಗೆ ಹೋಗುತ್ತಿದ್ದುದು ನಾಲ್ಕು ಡಿಜಿಟಲ್ ತಂತಿಗಳು: ಕೆಂಪು, ಹಸಿರು, ನೀಲಿ, ಮತ್ತು ಪ್ರಖರತೆ. ನಾಲ್ಕು ತಂತಿ, ಆದ್ದರಿಂದ 16 ಬಣ್ಣ. ಈ ಲೆಕ್ಕದಲ್ಲಿ 6 ಎಂದರೆ ಕೆಂಪು ಮತ್ತು ಹಸಿರು ಸೇರಿದ ಮಂಕು ಹಳದಿ. ಅದು ನೋಡಲು ಚೆನ್ನಾಗಿರಲಿಲ್ಲ. ಐಬಿಎಂ ತನ್ನ 5153 ಮಾನಿಟರಿನೊಳಗೇ ಒಂದು ಸಣ್ಣ ಮಂಡಲವನ್ನಿಟ್ಟು, ಆ ಒಂದು ಬಣ್ಣ ಬಂದಾಗ ಮಾತ್ರ ಹಸಿರನ್ನು ತಗ್ಗಿಸಿ ಕಂದು ಮಾಡಿತು. 1984ರಲ್ಲಿ ಬಂದ ಇಜಿಎಯಲ್ಲಿ ತಂತಿಗಳು ಆರಾದವು: ಪ್ರತಿ ಮೂಲಬಣ್ಣಕ್ಕೆ ಎರಡು, ಒಂದು ಮೂರರಲ್ಲಿ ಎರಡು ಪಾಲು ತೀವ್ರತೆಗೆ, ಇನ್ನೊಂದು ಮೂರರಲ್ಲಿ ಒಂದು ಪಾಲಿಗೆ. ಒಟ್ಟು 64 ಬಣ್ಣ. ಅವುಗಳಲ್ಲಿ 16ನ್ನು ಆರಿಸಿಕೊಳ್ಳಲು ಆರು ಬಿಟ್‌ಗಳ 16 ರಿಜಿಸ್ಟರ್‌ಗಳನ್ನು (ಚಿಪ್ಪಿನೊಳಗೆ ಒಂದೊಂದು ಸಂಖ್ಯೆ ಹಿಡಿದಿಡುವ ಪುಟ್ಟ ಜಾಗಗಳು) ಕೊಟ್ಟರು. ಇವು ಆಟ್ರಿಬ್ಯೂಟ್ ಕಂಟ್ರೋಲರ್ ಎಂಬ ಭಾಗದಲ್ಲಿವೆ. ಈ ಏರ್ಪಾಡಿನಲ್ಲಿ ಕಂದು ಎಂದರೆ ಕೆಂಪಿನ ದೊಡ್ಡ ತಂತಿ ಮತ್ತು ಹಸಿರಿನ ಸಣ್ಣ ತಂತಿ, ಬಿಟ್‌ಗಳಲ್ಲಿ 010100, ದಶಮಾನದಲ್ಲಿ 20. ಗಾಢ ಬೂದು ಎಂದರೆ ಮೂರೂ ಸಣ್ಣ ತಂತಿಗಳು, 111000, ಅಂದರೆ 56. ಅಲ್ಲಿಂದ ಮುಂದಿನ ಪ್ರಖರ ಬಣ್ಣಗಳು 57ರಿಂದ 63.

ವಿಜಿಎ ಬಂದಾಗ ಹಳೆಯ ಇಜಿಎ ಪ್ರೋಗ್ರಾಮ್‌ಗಳು ಕೆಡಬಾರದೆಂದು ಆ 16 ರಿಜಿಸ್ಟರ್‌ಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಮುಂದೆ ಹೊಸ 256 ಮನೆಗಳ ಕೋಷ್ಟಕವನ್ನು ಜೋಡಿಸಿದರು. ಹೀಗಾಗಿ ನಿಮ್ಮ 16 ಬಣ್ಣಗಳ ಮೋಡ್‌ನಲ್ಲಿ ಒಂದು ಪಿಕ್ಸೆಲ್ ಎರಡು ಕೋಷ್ಟಕಗಳನ್ನು ಹಾದುಹೋಗುತ್ತದೆ. ಮೆಮೊರಿಯ ನಾಲ್ಕು ಪ್ಲೇನ್‌ಗಳಿಂದ, ಅಂದರೆ ಪದರಗಳಿಂದ, ಒಂದೊಂದು ಬಿಟ್ ಸೇರಿ 6 ಎಂಬ ನಂಬರ್ ಆಗುತ್ತದೆ. ಆಟ್ರಿಬ್ಯೂಟ್ ಕಂಟ್ರೋಲರಿನ 6ನೇ ರಿಜಿಸ್ಟರ್‌ನಲ್ಲಿ 20 ಎಂದಿರುತ್ತದೆ. ಆ 20ಕ್ಕೆ ಇನ್ನೊಂದು ರಿಜಿಸ್ಟರ್‌ನಿಂದ ಮೇಲಿನ ಎರಡು ಬಿಟ್ (ಸಾಮಾನ್ಯವಾಗಿ ಸೊನ್ನೆ) ಸೇರಿ ದೊಡ್ಡ ಕೋಷ್ಟಕದ 20ನೇ ಮನೆ ತೆರೆಯುತ್ತದೆ. ಅಲ್ಲಿ ಬಯಾಸ್ (ಕಾರ್ಡಿನಲ್ಲೇ ಇರುವ ಮೂಲ ಪ್ರೋಗ್ರಾಮ್) ಬರೆದಿಟ್ಟ ಕೆಂಪು 42, ಹಸಿರು 21, ನೀಲಿ 0 ಸಿಗುತ್ತದೆ. ನೀವು ಬದಲಾಯಿಸುತ್ತಿರುವುದು 6ನೇ ಮನೆ. ಆ ಮನೆಯ ಬಾಗಿಲನ್ನು ತಟ್ಟುವವರೇ ಇಲ್ಲ. 0ರಿಂದ 5 ಮತ್ತು 7ಕ್ಕೆ ಎರಡೂ ನಂಬರ್ ಒಂದೇ ಆಗಿರುವುದರಿಂದ ಅವು ನಿಮಗೆ ಮಣಿದವು. 8ರಿಂದ 15ಕ್ಕೆ ನೀವು 56ರಿಂದ 63ರ ಮನೆಗಳನ್ನು ಹಿಡಿಯಬೇಕಿತ್ತು.

ಪರಿಹಾರ ಎರಡು. ಒಂದೋ 20ನೇ ಮನೆಗೇ ಬರೆಯಿರಿ: 3ಸಿ8 ಪೋರ್ಟಿಗೆ 20 ಕಳುಹಿಸಿ, ನಂತರ 3ಸಿ9 ಪೋರ್ಟಿಗೆ ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಮೂರು ಬಾರಿ, ಪ್ರತಿಯೊಂದೂ 0ರಿಂದ 63ರೊಳಗೆ (ಪೋರ್ಟ್ ಎಂದರೆ ಪ್ರೋಗ್ರಾಮ್ ಚಿಪ್ಪಿನೊಡನೆ ಮಾತನಾಡುವ ವಿಳಾಸ; ಅವುಗಳ ನಂಬರ್‌ಗಳು ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಎಣಿಕೆಯಲ್ಲಿವೆ). ಮೂರನೆಯದು ಮುಗಿದೊಡನೆ ವಿಳಾಸ ತಾನಾಗಿಯೇ 21ಕ್ಕೆ ಹೋಗುತ್ತದೆ. ಇಲ್ಲವೇ ಆಟ್ರಿಬ್ಯೂಟ್ ರಿಜಿಸ್ಟರ್‌ಗಳಲ್ಲಿ 0ರಿಂದ 15ರವರೆಗೆ ನೇರವಾಗಿ ತುಂಬಿಸಿಬಿಡಿ. ಆಮೇಲೆ 6 ಎಂದರೆ 6, 8 ಎಂದರೆ 8. ಎರಡನೆಯ ದಾರಿಯನ್ನು ಬಯಾಸ್ ಮೂಲಕ ಮಾಡುವುದೇ ಕ್ಷೇಮ. ನೇರವಾಗಿ 3ಸಿ0 ಪೋರ್ಟಿಗೆ ಬರೆಯುವುದಾದರೆ, ಮೊದಲು 3ಡಿಎ ಪೋರ್ಟನ್ನು ಒಮ್ಮೆ ಓದಬೇಕು. ಏಕೆಂದರೆ ಆ ಒಂದೇ ಪೋರ್ಟು ವಿಳಾಸವನ್ನೂ ಮಾಹಿತಿಯನ್ನೂ ಸರದಿಯಂತೆ ತೆಗೆದುಕೊಳ್ಳುತ್ತದೆ, ಮತ್ತು ಸರದಿ ಯಾರದೆಂದು ತಿಳಿಯಲು ಬೇರೆ ಉಪಾಯವಿಲ್ಲ. ಕೊನೆಯಲ್ಲಿ ವಿಳಾಸದ 5ನೇ ಬಿಟ್ ಅನ್ನು 1 ಮಾಡಿ ಬರೆಯಲು ಮರೆತರೆ ಪರದೆ ಪೂರ್ತಿ ಖಾಲಿಯಾಗುತ್ತದೆ. ಕಾರ್ಡ್ ಸತ್ತಿತೆಂದು ಗಾಬರಿಯಾಗುವ ಪ್ರಸಂಗ ಇದು. ನಾನೂ ಒಮ್ಮೆ ಕಾರ್ಡ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಕೊನೆಗೆ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ತಪ್ಪು ಕಂಡುಕೊಂಡವನೇ.

ಇನ್ನು ಮೆಮೊರಿಯ ಪ್ರಶ್ನೆ. ಕಾರ್ಡನ್ನು ಹೊರತೆಗೆದು, 15 ಪಿನ್ನಿನ ಕನೆಕ್ಟರ್ ಇರುವ ತುದಿಯನ್ನು ಬೆಳಕಿಗೆ ಹಿಡಿಯಿರಿ. ಕನೆಕ್ಟರಿನ ಹತ್ತಿರ ಮೂರು 75 ಓಮ್ ರೆಸಿಸ್ಟರ್‌ಗಳು, ಅವುಗಳ ಹಿಂದೆ 28 ಕಾಲಿನ ಉದ್ದನೆಯದೋ 44 ಕಾಲಿನ ಚೌಕದ್ದೋ ಒಂದು ಚಿಪ್ ಕಾಣುತ್ತದೆ. ಕೋಷ್ಟಕವಿರುವುದು ಅದರೊಳಗೆ. ಕೋಷ್ಟಕದ ರ‍್ಯಾಮ್ ಮತ್ತು ಡಿಜಿಟಲ್ ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಡ್ಯಾಕ್ ಎರಡೂ ಒಂದೇ ಚಿಪ್ಪಿನಲ್ಲಿರುವುದರಿಂದ ಇದಕ್ಕೆ ರ‍್ಯಾಮ್‌ಡ್ಯಾಕ್ ಎಂಬ ಹೆಸರು ಬಂತು. ಐಬಿಎಂ ತನ್ನ ವಿಜಿಎಗೆ ಬಳಸಿದ್ದು ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಜಿ171. ಆಮೇಲೆ ಹತ್ತಾರು ಕಂಪನಿಗಳು ಅದಕ್ಕೆ ಹೊಂದುವ ಚಿಪ್‌ಗಳನ್ನು ಮಾಡಿದವು. ಮನೆಯಿಂದ ತೆಗೆದ ಮೂರು ಆರು-ಬಿಟ್ ಸಂಖ್ಯೆಗಳು ಇಲ್ಲಿ ಮೂರು ವಿದ್ಯುತ್ ಪ್ರವಾಹಗಳಾಗಿ, ಕಾರ್ಡಿನ 75 ಓಮ್ ಮತ್ತು ಮಾನಿಟರಿನ 75 ಓಮ್ ಎರಡರ ಮೂಲಕ ಹರಿದು 0ರಿಂದ 0.7 ವೋಲ್ಟ್‌ವರೆಗಿನ ಸಂಕೇತವಾಗುತ್ತವೆ. 0.7 ವೋಲ್ಟನ್ನು 63 ಮೆಟ್ಟಿಲು ಮಾಡಿದರೆ ಒಂದೊಂದು ಮೆಟ್ಟಿಲು ಸುಮಾರು 11 ಮಿಲಿವೋಲ್ಟ್. ಕಾರ್ಡಿನ ಮೇಲಿನ ಒಂದು ರೆಸಿಸ್ಟರ್ ಬಿಟ್ಟುಕೊಂಡರೆ ಆ ಬಣ್ಣದ ವೋಲ್ಟೇಜ್ ದುಪ್ಪಟ್ಟಾಗಿ ಚಿತ್ರಕ್ಕೆಲ್ಲ ಆ ಬಣ್ಣ ಬಳಿದಂತೆ ಕಾಣುತ್ತದೆ. ಮಾನಿಟರ್ ಕೆಟ್ಟಿದೆಯೆಂದು ಮೂಲೆಗೆ ಹಾಕುವ ಮೊದಲು ನೋಡಬೇಕಾದ ಜಾಗವಿದು.

ಈ ಚಿಪ್ ಹಳೆಯ ಮಾದರಿಯದಾಗಿದ್ದರೆ ಅದಕ್ಕೆ ಪಿಕ್ಸೆಲ್ ಒಳಬರುವ ಬಾಗಿಲು ಎಂಟೇ ಬಿಟ್ ಅಗಲ, ಮತ್ತು ಬಂದದ್ದೆಲ್ಲ ಕೋಷ್ಟಕಕ್ಕೇ ಹೋಗಬೇಕು. ಅಂಥ ಕಾರ್ಡಿಗೆ ಮೆಮೊರಿಯನ್ನು 1 ಮೆಗಾಬೈಟ್ ಮಾಡಿದರೆ ನಿಮಗೆ ಸಿಗುವುದು ಹೆಚ್ಚು ಪಿಕ್ಸೆಲ್, ಹೆಚ್ಚು ಬಣ್ಣವಲ್ಲ. 800×600ಕ್ಕೆ 4,80,000 ಬೈಟ್, ಅದು ಈಗಿನ 512 ಕಿಲೋಬೈಟ್‌ನಲ್ಲೇ ಹಿಡಿಸುತ್ತದೆ. 1024×768ಕ್ಕೆ 7,86,432 ಬೈಟ್, ಅದಕ್ಕೆ 1 ಮೆಗಾಬೈಟ್ ಬೇಕು. ಎರಡರಲ್ಲೂ ಬಣ್ಣ 256.

ಈ ಗೋಡೆಯನ್ನು ಮೊದಲು ಅಗ್ಗದ ದರದಲ್ಲಿ ಒಡೆದದ್ದು ಸಿಯೆರಾ ಸೆಮಿಕಂಡಕ್ಟರ್ ಕಂಪನಿಯ ಹೈಕಲರ್ ಡ್ಯಾಕ್. ಅದರ ಜೊತೆಗಾರ ಚಿಪ್ ಆಗಿ ಹೆಸರಾದದ್ದು ನಿಮ್ಮಲ್ಲಿರುವ ಇಟಿ4000. ಎಂಟು ಬಿಟ್‌ನ ಬಾಗಿಲನ್ನು ಅಗಲ ಮಾಡದೆ, ಒಂದು ಪಿಕ್ಸೆಲ್‌ಗೆ ಎರಡು ಬೈಟ್‌ಗಳನ್ನು ಒಂದರ ಹಿಂದೊಂದರಂತೆ ಒಳಗೆ ಬಿಟ್ಟುಕೊಂಡು, ಕೋಷ್ಟಕವನ್ನು ಪಕ್ಕಕ್ಕೆ ಸರಿಸಿ, ಆ 16 ಬಿಟ್‌ಗಳಲ್ಲಿ 15ನ್ನು ತಲಾ ಐದರಂತೆ ನೇರವಾಗಿ ಮೂರು ಡ್ಯಾಕ್‌ಗಳಿಗೆ ಕೊಡುವುದು ಅದರ ಉಪಾಯ. 32,768 ಬಣ್ಣ, ಎಲ್ಲವೂ ಒಮ್ಮೆಗೇ. ಮುಂದೆ ಹಸಿರಿಗೆ ಇನ್ನೊಂದು ಬಿಟ್ ಕೊಟ್ಟು 65,536 ಮಾಡಿದರು. ಹಸಿರಿಗೇ ಕೊಟ್ಟದ್ದಕ್ಕೆ ಕಾರಣ, ಬೆಳಕಿನ ಏರಿಳಿತವನ್ನು ನಮ್ಮ ಕಣ್ಣು ಹೆಚ್ಚಾಗಿ ಹಸಿರಿನಲ್ಲೇ ಗುರುತಿಸುತ್ತದೆ. ಬೆಲೆ ತೆರಬೇಕಾದದ್ದು ವೇಗದಲ್ಲಿ: 640×480ಕ್ಕೆ ಸೆಕೆಂಡಿಗೆ 2.5 ಕೋಟಿ ಪಿಕ್ಸೆಲ್ ಬೇಕಾದಲ್ಲಿ ಈಗ 5 ಕೋಟಿ ಬೈಟ್ ಹರಿಯಬೇಕು. ಮೆಮೊರಿಯೂ 6,14,400 ಬೈಟ್‌ಗೆ ಏರುತ್ತದೆ. ನಿಮ್ಮ 512 ಕಿಲೋಬೈಟ್‌ಗೆ ಹಿಡಿಸುವುದು 640×400 ಮಾತ್ರ, ಅದೂ 5,12,000 ಬೈಟ್‌ಗಳೊಂದಿಗೆ ತುದಿಯಲ್ಲಿ ನಿಂತಂತೆ.

ಆದರೆ ಬಣ್ಣ ಹೆಚ್ಚಾದಂತೆ ಚಿತ್ರ ಎಲ್ಲ ಬಗೆಯಲ್ಲೂ ಉತ್ತಮವಾಗುತ್ತದೆ ಎಂದುಕೊಳ್ಳಬೇಡಿ. 15 ಬಿಟ್ ಮೋಡ್‌ನಲ್ಲಿ ಕೆಂಪು, ಹಸಿರು, ನೀಲಿ ಸಮನಾಗಿರುವ ಬೂದು ಛಾಯೆಗಳು 32 ಮಾತ್ರ. ನಿಮ್ಮ ಈಗಿನ ಕೋಷ್ಟಕದಲ್ಲಿ ಪ್ರತಿ ಮೂಲಬಣ್ಣಕ್ಕೆ ಆರು ಬಿಟ್ ಇರುವುದರಿಂದ 64 ಬೂದು ಛಾಯೆಗಳು ಸಿಗುತ್ತವೆ. ಕಪ್ಪುಬಿಳುಪು ಫೋಟೋ ನೋಡುವವರಿಗೆ 256 ಬಣ್ಣಗಳ ಮೋಡ್ 32,768ರ ಮೋಡ್‌ಗಿಂತ ನುಣುಪಾಗಿ ಕಾಣುತ್ತದೆ. ನಂತರದ ರ‍್ಯಾಮ್‌ಡ್ಯಾಕ್‌ಗಳು ಕೋಷ್ಟಕದ ಮನೆಯನ್ನೇ 24 ಬಿಟ್‌ಗೆ ಅಗಲಿಸಿದಾಗ ಅದೇ 256 ಬಣ್ಣಗಳ ಮೋಡ್‌ನಲ್ಲಿ 256 ಬೂದು ಛಾಯೆಗಳು ಬಂದವು. ಗ್ರಾಫಿಕ್ಸ್ ಮಾನದಂಡಗಳ ಸಂಸ್ಥೆಯಾದ ವೆಸಾ ರೂಪಿಸಿದ ಬಯಾಸ್‌ನಲ್ಲಿ ಆರು ಬಿಟ್ಟೋ ಎಂಟು ಬಿಟ್ಟೋ ಎಂದು ಕೇಳುವ, ಬದಲಾಯಿಸುವ ಕರೆಯನ್ನೂ ಸೇರಿಸಿದರು. ಅದನ್ನು ಗಮನಿಸದೆ ಆರು ಬಿಟ್‌ನ ಸಂಖ್ಯೆಗಳನ್ನು ಎಂಟು ಬಿಟ್‌ನ ಮನೆಗೆ ಬರೆದರೆ ಚಿತ್ರ ಕಾಲು ಭಾಗದಷ್ಟು ಬೆಳಕಿನಲ್ಲಿ ಕಾಣುತ್ತದೆ.

ಕೋಷ್ಟಕಕ್ಕೆ ಇನ್ನೊಂದು ಗುಣವಿದೆ; ನೇರಬಣ್ಣದ ಮೋಡ್‌ಗಳಲ್ಲಿ ನಾವು ಅದನ್ನು ಕಳೆದುಕೊಂಡೆವು ಎಂದೇ ನನ್ನ ಭಾವನೆ. 320×200ರ ಚಿತ್ರವನ್ನು ನಿಧಾನವಾಗಿ ಕತ್ತಲಿಗೆ ಇಳಿಸಬೇಕೆಂದರೆ ಮೆಮೊರಿಯ 64,000 ಬೈಟ್‌ಗಳನ್ನು ಮುಟ್ಟಬೇಕಾಗಿಲ್ಲ. ಕೋಷ್ಟಕದ 768 ಸಂಖ್ಯೆಗಳನ್ನು ತಗ್ಗಿಸುತ್ತಾ ಹೋದರೆ ಸಾಕು. ಎಂಟು ಮನೆಗಳಲ್ಲಿ ನೀಲಿಯ ಎಂಟು ಛಾಯೆಗಳನ್ನಿಟ್ಟು ಅವುಗಳನ್ನು ಒಂದೊಂದು ಸ್ಥಾನ ತಿರುಗಿಸುತ್ತಿದ್ದರೆ ಚಿತ್ರದಲ್ಲಿ ಒಂದು ಪಿಕ್ಸೆಲ್ಲೂ ಬದಲಾಗದೆ ನದಿ ಹರಿಯುತ್ತದೆ. ಕಂಪ್ಯೂಟರಿನಿಂದ ಕಾರ್ಡಿಗೆ ಮಾಹಿತಿ ಸಾಗಿಸುವ ನಿಧಾನದ ಐಎಸ್‌ಎ ಬಸ್ಸಿನಲ್ಲಿ ಇದು ಸಣ್ಣ ವರವಲ್ಲ. ಇದಕ್ಕೊಂದು ಷರತ್ತು ಮಾತ್ರ ಇತ್ತು. ಹಳೆಯ ಚಿಪ್‌ಗಳಲ್ಲಿ ಪರದೆ ಮೂಡುತ್ತಿರುವಾಗಲೇ ಕೋಷ್ಟಕಕ್ಕೆ ಬರೆದರೆ, ಪಿಕ್ಸೆಲ್‌ಗೆ ಬೇಕಾದ ಮನೆ ಆ ಕ್ಷಣ ಸಿಗದೆ ಪರದೆಯ ಮೇಲೆ ಅಕ್ಷತೆ ಚೆಲ್ಲಿದಂತೆ ಚುಕ್ಕೆಗಳು ಮಿನುಗುತ್ತವೆ. ಅದನ್ನು ತಪ್ಪಿಸಲು ಮಾನಿಟರಿನ ಕಿರಣ ಕೆಳಗಿನಿಂದ ಮೇಲಕ್ಕೆ ಹಿಂದಿರುಗುವ ಹೊತ್ತನ್ನು 3ಡಿಎ ಪೋರ್ಟಿನ 3ನೇ ಬಿಟ್‌ನಿಂದ ತಿಳಿದು ಆಗ ಬರೆಯಬೇಕು. ಒಂದು ಸುತ್ತಿನ 449 ಗೆರೆಗಳಲ್ಲಿ ಚಿತ್ರಕ್ಕೆ 400 (200 ಸಾಲುಗಳು ಎರಡೆರಡು ಬಾರಿ) ಹೋದ ಮೇಲೆ ಉಳಿಯುವ ಬಿಡುವು ಒಂದೂವರೆ ಮಿಲಿಸೆಕೆಂಡ್‌ನಷ್ಟು. ನಿಧಾನದ ಯಂತ್ರಗಳಲ್ಲಿ ಇಡೀ ಕೋಷ್ಟಕ ಅಷ್ಟರಲ್ಲಿ ಮುಗಿಯದೆ, ಎರಡು ಕಂತಿನಲ್ಲಿ ಬರೆಯುತ್ತಿದ್ದರು.

ಒಂದೇ ಕೋಷ್ಟಕವನ್ನು ಹಲವರು ಹಂಚಿಕೊಂಡಾಗ ಜಗಳವೂ ಇತ್ತು. ವಿಂಡೋಸ್ 256 ಮನೆಗಳಲ್ಲಿ 20ನ್ನು ತನಗಿಟ್ಟುಕೊಂಡು 236ನ್ನು ಮುಂದಿರುವ ಪ್ರೋಗ್ರಾಮ್‌ಗೆ ಬಿಡುತ್ತಿತ್ತು. ನೀವು ಇನ್ನೊಂದು ಕಿಟಕಿಗೆ ಹೋದೊಡನೆ ಹಿಂದಿನ ಚಿತ್ರದ ಮುಖಗಳೆಲ್ಲ ಹಸಿರು, ನೇರಳೆ ಆಗುತ್ತಿದ್ದುದು ಅದಕ್ಕೇ.

ಇಷ್ಟಾದ ಮೇಲೆ ನೀವು ಮಾಡಬೇಕಾದದ್ದು: ಹಣ ಖರ್ಚು ಮಾಡುವ ಮೊದಲು ರ‍್ಯಾಮ್‌ಡ್ಯಾಕ್ ಮೇಲಿನ ಅಕ್ಷರಗಳನ್ನು ಓದಿ. ಸಿಯೆರಾದ ಹೈಕಲರ್ ಚಿಪ್‌ಗಳ ಹೆಸರು ಎಸ್‌ಸಿ114 ಎಂದು ಶುರುವಾಗುತ್ತದೆ. 171 ಅಥವಾ 176 ಎಂದಷ್ಟೇ ಇದ್ದರೆ ಅದು ಬಹುಮಟ್ಟಿಗೆ 256 ಬಣ್ಣಗಳಿಗೇ ಸೀಮಿತ, ಮತ್ತು ಜೊತೆಗಿರುವ 50, 65, 80 ಎಂಬ ಅಂಕಿ ಮೆಗಾಹರ್ಟ್ಸ್‌ನಲ್ಲಿ ಅದರ ವೇಗ, ಬಣ್ಣದ ಸಂಖ್ಯೆಯಲ್ಲ. ಅಕ್ಷರ ಅಳಿಸಿದ್ದರೆ ಪ್ರೋಗ್ರಾಮ್‌ನಿಂದಲೂ ಪರೀಕ್ಷಿಸಬಹುದು. ಹೈಕಲರ್ ಚಿಪ್ಪಿನ ಆದೇಶದ ರಿಜಿಸ್ಟರ್‌ಗೆ ಪ್ರತ್ಯೇಕ ವಿಳಾಸವಿಲ್ಲ. 3ಸಿ6 ಎಂಬ ಮಾಸ್ಕ್ ಪೋರ್ಟನ್ನು (ಪಿಕ್ಸೆಲ್ಲಿನ ಯಾವ ಬಿಟ್‌ಗಳನ್ನು ಉಳಿಸಬೇಕೆಂದು ಹೇಳುವುದು ಇದರ ಕೆಲಸ) ಬೇರಾವ ಡ್ಯಾಕ್ ಪೋರ್ಟನ್ನೂ ಮುಟ್ಟದೆ ಸತತವಾಗಿ ನಾಲ್ಕು ಬಾರಿ ಓದಿದರೆ ಐದನೆಯ ಬಾರಿಗೆ ಅದು ಬಾಗಿಲು ತೆರೆಯುತ್ತದೆ. ಐದನೆಯ ಓದಿನಲ್ಲೂ ಮೊದಲ ನಾಲ್ಕರಂತೆ 255 ಬಂದರೆ ಬಾಗಿಲೇ ಇಲ್ಲವೆಂದು ತಿಳಿದು ಅಲ್ಲಿಗೆ ನಿಲ್ಲಿಸಿ. ಆದೇಶವೆಂದುಕೊಂಡು 128 ಬರೆದರೆ ಸಾಮಾನ್ಯ ಚಿಪ್ಪು ಅದನ್ನು ಮಾಸ್ಕ್ ಎಂದು ತಿಳಿದು, ಪ್ರತಿ ಪಿಕ್ಸೆಲ್ಲಿನ ಮೇಲಿನ ಒಂದು ಬಿಟ್ ಮಾತ್ರ ಉಳಿಸುತ್ತದೆ, ಮತ್ತು ಇಡೀ ಪರದೆ 0 ಹಾಗೂ 128ನೇ ಮನೆಯ ಎರಡೇ ಬಣ್ಣಗಳಿಗೆ ಕುಸಿಯುತ್ತದೆ. ಹಾಗಾದರೆ ಹೆದರಬೇಡಿ, 3ಸಿ6ಕ್ಕೆ 255 ಬರೆದರೆ ಎಲ್ಲ ಮೊದಲಿನಂತಾಗುತ್ತದೆ.

ಹೈಕಲರ್ ಚಿಪ್ ಇದ್ದರೆ ಮೆಮೊರಿ ಏರಿಸಿ, 640×480ರಲ್ಲಿ ಪೂರ್ತಿ ಪ್ರಯೋಜನವಿದೆ. ಇಲ್ಲವಾದರೆ, ಚಿಪ್ ಸಾಕೆಟ್‌ನಲ್ಲಿ ಕೂತಿದೆಯೆಂದು ಬೇರೆಯದನ್ನು ತಂದು ಹಾಕಲು ಅವಸರ ಮಾಡಬೇಡಿ. ಕಾಲುಗಳ ಜೋಡಣೆ ಹೊಂದಿದರಷ್ಟೇ ಸಾಲದು, ಹೊಸ ಡ್ಯಾಕ್ ಬಂದಿದೆಯೆಂದು ಕಾರ್ಡಿನ ಬಯಾಸ್‌ಗೂ ಗೊತ್ತಾಗಬೇಕು.